ಲಕ್ಷ ದಾಟದ ಪ್ಲೇಟ್‌ಲೆಟ್, ಚಿತ್ ಆಗದ ಮಾವ

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನಗೋದಕ್ಕೆ ಏನಿರುತ್ತದೆ ಎಂದು ಕೇಳುವವರು ಒಂದು ದಿನ ನನ್ನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ನೋಡಬೇಕು. ಸೂಜಿ ಕಂಡ ಕೂಡಲೇ ಮನುಷ್ಯನ ಒಳಗಿರುವುದೆಲ್ಲ ಹೊರಗೆ ಬರುತ್ತದೆ, ರಕ್ತ ಬರುವುದು ಕಡೆಗೆ. ಅದರಲ್ಲೂ ವಯಸ್ಸಾದ ಗಂಡಸರ ಮಾತೇ ಬೇರೆ. ಹೆಂಗಸರು ಒಂದು ಕೈ ನನಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮಾತಾಡುತ್ತಿರುತ್ತಾರೆ. ಗಂಡಸರು ಮಾತ್ರ ಆ ನಾಲ್ಕು ಹನಿಗೆ ಕಾರಣ ಕೇಳುತ್ತಾರೆ.

ನಾನು ಹುಟ್ಟಿದ್ದು ರಬಕವಿಯ ನೇಕಾರರ ಮನೆಯಲ್ಲಿ, ಸೊಸೆಯಾಗಿ ಬಂದದ್ದು ಜಮಖಂಡಿಗೆ. ಲ್ಯಾಬ್ ಟೆಕ್ನಿಷಿಯನ್ ಅಂತ ಮುಧೋಳ, ಬೀಳಗಿ, ಮಹಾಲಿಂಗಪುರ ಎಲ್ಲ ಸುತ್ತಿ, ಈಗ ಜಮಖಂಡಿಯಲ್ಲೇ ಒಂದು ಸಣ್ಣ ಲ್ಯಾಬಿನಲ್ಲಿದ್ದೇನೆ. ಇಷ್ಟು ವರ್ಷ ಕಳೆದರೂ ಒಂದರ ಬೆರಗು ನನಗೆ ಇನ್ನೂ ಇಳಿದಿಲ್ಲ. ಅದು ಪ್ಲೇಟ್‌ಲೆಟ್. ರಕ್ತದಲ್ಲಿ ಎಲ್ಲಕ್ಕಿಂತ ಸಣ್ಣದು, ಧೂಳಿನ ಕಣದಂಥದ್ದು. ಎಲುಬಿನ ಒಳಗೆ ಹುಟ್ಟುತ್ತದೆ, ವಾರ ಹತ್ತು ದಿನ ಮೈಯೆಲ್ಲ ಸುತ್ತುತ್ತದೆ. ಎಲ್ಲಾದರೂ ಗಾಯವಾದರೆ ಓಡಿ ಹೋಗಿ ಒಂದಕ್ಕೊಂದು ಅಂಟಿಕೊಂಡು ರಕ್ತ ಸೋರದಂತೆ ತೂತು ಮುಚ್ಚುತ್ತದೆ. ಗಾಯವಾಗದಿದ್ದರೆ ಸುಮ್ಮನೆ ಸುತ್ತಿ ಸಾಯುತ್ತದೆ. ಯಾರೂ ಅದಕ್ಕೆ ಶಾಬಾಸ್ ಅನ್ನುವುದಿಲ್ಲ.

ಇದೇ ಪ್ಲೇಟ್‌ಲೆಟ್ ಹೋದ ವರ್ಷ ನಮ್ಮ ಮನೆಗೇ ಬಂದು, ನಮ್ಮ ಮಾವನ ಆಪರೇಷನ್ನಿಗೆ ಅಡ್ಡ ಕೂತಿತು. ಮಾಡದಿದ್ದರೆ ಮಾವನ ಜೀವಕ್ಕೇ ಕುತ್ತು ಅನ್ನುವಂಥ ಆಪರೇಷನ್. ಆ ಕಥೆ ಹೇಳುವ ಮೊದಲು ಬೇರೆ ಊರಿನ ಗಂಡಸರನ್ನು ಸ್ವಲ್ಪ ಮುಂದೆ ಕಳಿಸುತ್ತೇನೆ. ನಮ್ಮ ಮಾವ ಒಬ್ಬರೇ ಹೀಗೆ ಅಂತ ಯಾರೂ ತಿಳಿಯಬಾರದು.

ಕೈ ಮುಗಿದ ಹೆಡ್‌ಮಾಸ್ತರರು

ಮುಧೋಳದಲ್ಲಿದ್ದಾಗ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಹೆಂಡತಿಯ ಜೊತೆ ಬಂದಿದ್ದರು. ರಕ್ತ ಕೊಟ್ಟ ಮೇಲೆ ಹೋಗಲಿಲ್ಲ. "ನನ್ನ ರಕ್ತ ನಾನ ಒಮ್ಮಿ ನೋಡಬೇಕಲ್ರಿ. ಇಷ್ಟ ವರ್ಷ ಮಕ್ಕಳಿಗಿ ಚಿತ್ರಾ ತಗದ ಕಲಿಸೇನಿ, ಖರೆ ಖರೆ ನೋಡಿಲ್ಲ" ಅಂದರು.

ಗಾಜಿನ ಮೇಲೆ ಒಂದು ಹನಿ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟುಕೊಟ್ಟೆ. ಕೆಂಪು ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ಕಾಣುವ ನೇರಳೆ ಚುಕ್ಕೆಗಳೇ ಪ್ಲೇಟ್‌ಲೆಟ್ ಎಂದು ಹೇಳಿದೆ. ವಯಸ್ಸಾದಂತೆ ಗಂಡಸರಲ್ಲಿ ಇವು ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತವೆ, ಆದರೆ ಉಳಿದವು ಇನ್ನಷ್ಟು ಚುರುಕಾಗಿ ಅಂಟಿಕೊಳ್ಳುತ್ತವೆ ಎಂದೂ ಹೇಳಿದೆ. ಮಾಸ್ತರರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಎದ್ದು ಚಪ್ಪಲಿ ಬಿಟ್ಟು, ಸೂಕ್ಷ್ಮದರ್ಶಕಕ್ಕೆ ಎರಡೂ ಕೈ ಮುಗಿದರು.

"ಇಷ್ಟ ಸಣ್ಣವು, ಇಷ್ಟ ವರ್ಷ ನನ್ನ ಹಿಡಕೊಂಡು ಬಂದಾವ. ನನಗ ಗೊತ್ತ ಇರಲಿಲ್ಲ" ಅಂದರು.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನನ್ನ ಕಡೆ ನೋಡಿ ಹೇಳಿದರು: "ನಾನೂ ಅಷ್ಟ ವರ್ಷದಿಂದ ಹಿಡಕೊಂಡ ಬಂದೇನ್ರಿ. ನನಗ ಒಂದ ದಿನಾನೂ ಕೈ ಮುಗದಿಲ್ಲ."

ಯಾರದು ಜಾಸ್ತಿ

ಬೀಳಗಿಯಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಪರೀಕ್ಷೆ ಮಾಡಿಸಿದರು. ದೊಡ್ಡ ಜಮೀನಿನ ಗೌಡರು, ಮೀಸೆ ತಿರುವಿಕೊಂಡೇ ರಿಪೋರ್ಟ್ ಓದಿದರು. ಎರಡೂ ಪಕ್ಕಪಕ್ಕ ಹಿಡಿದು ನೋಡಿ, ನನ್ನ ಟೇಬಲ್ಲಿನ ಮೇಲೆ ಇಟ್ಟರು.

"ಅದಲಿ ಬದಲಿ ಮಾಡೀರಿ. ಪ್ಲೇಟ್‌ಲೆಟ್ ಇಕಿದು ಜಾಸ್ತಿ ಬಂದೈತಿ."

ಸರಿಯಾಗಿಯೇ ಇದೆ, ಸಾಮಾನ್ಯವಾಗಿ ಗಂಡಸರದು ಹೆಂಗಸರಿಗಿಂತ ಸ್ವಲ್ಪ ಕಡಿಮೆ ಇರುತ್ತದೆ, ವಯಸ್ಸಾದಂತೆ ಇನ್ನೂ ಸ್ವಲ್ಪ ಇಳಿಯುತ್ತದೆ, ಇಬ್ಬರದೂ ಛಲೋ ಇದೆ ಎಂದೆ. ಗೌಡರಿಗೆ ಸಮಾಧಾನವಾಗಲಿಲ್ಲ. "ಯಾರ ಮಾಡಿದ ಕಾನೂನ ಇದು?" ಅಂದರು. ದೇವರೇ ಮಾಡಿರಬೇಕು ಅಂದೆ. ಗೌಡರು ಮತ್ತೆ ರಿಪೋರ್ಟ್ ತೆಗೆದುಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಹೋಗತೊಡಗಿದರು. ಹಿಮೋಗ್ಲೋಬಿನ್ ಹತ್ತಿರ ಬಂದಾಗ ಮುಖ ಅರಳಿತು. ಅಲ್ಲಿ ಅವರದೇ ಜಾಸ್ತಿ. ಹೆಂಡತಿಗೆ ತೋರಿಸಿದರು. ಆಕೆ, "ಆತು ಬಿಡ್ರಿ, ನೀವ ಗೆದ್ರಿ" ಅಂದರು.

ಬೆರಳು ಅಷ್ಟಕ್ಕೇ ನಿಲ್ಲದೆ ಇನ್ನೂ ಕೆಳಗೆ ಹೋಯಿತು. ಗೌಡರು ನನ್ನ ಕಡೆ ತಿರುಗಿ ಅಭಿಮಾನದಿಂದ ಹೇಳಿದರು: "ಸಕ್ಕರೀನೂ ನಂದ ಜಾಸ್ತಿ ಐತಿ ನೋಡ್ರಿ."

ಗಡ್ಡಕ್ಕೆ ಮೊದಲು ಒಂದು ಪ್ರಶ್ನೆ

ಮಹಾಲಿಂಗಪುರದಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಗದ್ದಕ್ಕೆ ಟವೆಲ್ ಒತ್ತಿಕೊಂಡು ಲ್ಯಾಬಿಗೆ ಬಂದರು. ಹಿಂದೆ ಕಟಿಂಗ್ ಅಂಗಡಿಯವನು, ಮುಖ ಬಿಳಿಚಿತ್ತು. ಗಡ್ಡ ಮಾಡುವಾಗ ಒಂದು ಗೀರು ಬಿದ್ದಿತ್ತು, ರಕ್ತ ನಿಲ್ಲುತ್ತಿರಲಿಲ್ಲ. "ನನ್ನ ಕೈ ಹಂಗಲ್ರಿ, ಇವರ ರಕ್ತಾನ ತೆಳ್ಳಗ ಐತಿ" ಎಂದು ಅವನು. "ಇವನ ಬ್ಲೇಡಿಗಿ ಜಂಗ ಹಿಡದೈತಿ" ಎಂದು ಇವರು.

ಎಣಿಸಿ ನೋಡಿದರೆ ಪ್ಲೇಟ್‌ಲೆಟ್ ಬೇಕಾದಷ್ಟು ಇದ್ದವು. ಹೃದಯಕ್ಕೆ ಏನಾದರೂ ಗುಳಿಗೆ ತಗೋತೀರಾ ಅಂದಾಗ ವ್ಯಾಪಾರಿ ಅಂಗಡಿಯವನನ್ನು ಹೊರಗೆ ಕಳಿಸಿ ಹೌದು ಅಂದರು. ಆ ಗುಳಿಗೆ ತಗೊಂಡರೆ ಪ್ಲೇಟ್‌ಲೆಟ್ ಇರುತ್ತವೆ, ಆದರೆ ಬೇಗ ಅಂಟಿಕೊಳ್ಳುವುದಿಲ್ಲ. ಹೃದಯದ ನಾಳದಲ್ಲಿ ಅಂಟದಿರಲಿ ಎಂದೇ ಡಾಕ್ಟರು ಅದನ್ನು ಕೊಡುವುದು. ಅದನ್ನು ವಿವರಿಸಿ, ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಸಿ, ಗುಳಿಗೆ ಮಾತ್ರ ತಾವಾಗಿಯೇ ಬಿಡಬೇಡಿ ಎಂದು ಹೇಳಿ ಕಳಿಸಿದೆ.

ಅಂಗಡಿಯವನು ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅವತ್ತಿನಿಂದ ಯಾರು ಬಂದರೂ ಸೋಪು ಹಚ್ಚುವ ಮೊದಲು, "ಹೃದಯದ ಗುಳಿಗಿ ತಗೋತೀರೇನ್ರಿ?" ಎಂದು ಕೇಳತೊಡಗಿದ. ಗಾಯದ ಭಯಕ್ಕೆ ಎಲ್ಲರೂ ಖರೆ ಹೇಳಿದರು. ಈಗ ಆ ಊರಲ್ಲಿ ಬೀಗತನ ಬೆಳೆಸುವವರು ಹುಡುಗನ ಅಪ್ಪನ ಆರೋಗ್ಯ ವಿಚಾರಿಸಬೇಕಾದರೆ ಮೊದಲು ಅವನ ಅಂಗಡಿಗೆ ಹೋಗಿ ಗಡ್ಡ ಮಾಡಿಸಿಕೊಳ್ಳುತ್ತಾರಂತೆ.

ಔಷಧದಷ್ಟು

ಇನ್ನು ನಮ್ಮ ಮಾವ. ಹರೆಯದಲ್ಲಿ ಪೈಲ್ವಾನರು. ಈಗ ಎಪ್ಪತ್ತು ದಾಟಿದ್ದರೂ ಕುಸ್ತಿಯಲ್ಲಿ ಜಜ್ಜಿಹೋದ ಕಿವಿಗಳು ಅಡಿಕೆಯಂತೆ ಗಟ್ಟಿಯಾಗಿವೆ. ನಮ್ಮ ಕಡೆ ಅಂಥ ಕಿವಿ ಕಂಡರೆ ಬಸ್ಸಿನಲ್ಲಿ ಎದ್ದು ಸೀಟು ಕೊಡುತ್ತಾರೆ. ಅವರ ತೊಡೆಸಂದಿಯಲ್ಲಿ ಹರ್ನಿಯಾ ಗಡ್ಡೆಯಂತೆ ಉಬ್ಬಿತ್ತು. ಸರ್ಜನ್ ನೋಡಿ, ಕರುಳು ಅಲ್ಲಿ ಸಿಕ್ಕಿಕೊಂಡರೆ ಅಪಾಯ, ಬೇಗ ಆಪರೇಷನ್ ಆಗಬೇಕು ಅಂದರು. ರಕ್ತವನ್ನು ನಾನೇ ತೆಗೆದು ಪರೀಕ್ಷೆ ಮಾಡಿದೆ. ಪ್ಲೇಟ್‌ಲೆಟ್ ಲಕ್ಷಕ್ಕಿಂತ ಎಷ್ಟೋ ಕೆಳಗೆ. ಯಂತ್ರ ತಪ್ಪಿರಬಹುದೆಂದು ಗಾಜಿನ ಮೇಲೆ ಹನಿ ಎಳೆದು ಕಣ್ಣಾರೆ ನೋಡಿದೆ. ಯಂತ್ರ ತಪ್ಪಿರಲಿಲ್ಲ.

ಸರ್ಜನ್ ರಿಪೋರ್ಟ್ ನೋಡಿ, "ಲಕ್ಷ ದಾಟಬೇಕ್ರಿ, ಇಲ್ಲಾಂದ್ರ ನಾ ಚಾಕು ಹಿಡಿಯೂದಿಲ್ಲ" ಅಂದರು. ಆಮೇಲೆ ಮಾವನನ್ನು ಕೇಳಿದರು, "ಕುಡೀತೀರೇನ್ರಿ?"

"ಇಲ್ರಿ."

ಪರದೆಯ ಆಚೆ ಕೂತಿದ್ದ ನಮ್ಮ ಅತ್ತಿ, ಮಾವನ ಹೆಂಡತಿ, ಕೆಮ್ಮಿದರು.

"ಔಷಧದಷ್ಟ ತಗೋತೇನ್ರಿ."

ಕೆಮ್ಮು ಸ್ವಲ್ಪ ಜೋರಾಯಿತು.

"ದಿನಾ ತಗೋತೇನ್ರಿ. ಕುಸ್ತಿ ಬಿಟ್ಟಾಗಿಂದ."

ಈ ವಯಸ್ಸಿನಲ್ಲಿ ದಿನಾ ಕುಡಿದರೆ ಪ್ಲೇಟ್‌ಲೆಟ್ ಹುಟ್ಟುವ ಎಲುಬಿನ ಮಜ್ಜೆಗೇ ಮಂಪರು ಹಿಡಿಯುತ್ತದೆ, ಬಿಟ್ಟರೆ ಕೆಲವು ವಾರದಲ್ಲಿ ತಾನೇ ಏರುತ್ತದೆ ಎಂದು ಸರ್ಜನ್ ಬಿಡಿಸಿ ಹೇಳಿದರು. ಬಿಡುವಾಗ ಕೈ ನಡುಗದಂತೆ ಗುಳಿಗೆಯನ್ನೂ ಬರೆದುಕೊಟ್ಟರು. ಆಮೇಲೆ ಪರದೆಯ ಕಡೆ ತಿರುಗಿ, "ಅಮ್ಮಾರ, ನಿಮ್ಮ ಕೆಮ್ಮಿಗೂ ಏನರೆ ಬರದ ಕೊಡ್ಲೇನ್ರಿ?" ಅಂದರು.

ಅತ್ತಿ ಪರದೆಯ ಆಚೆಯಿಂದಲೇ ಹೇಳಿದರು: "ಬ್ಯಾಡ್ರಿ ಸಾಹೇಬ್ರ. ಇವರು ಖರೆ ಹೇಳಿದ್ರ ಅದು ತಾನ ನಿಲ್ಲತೈತಿ."

ತೂಕಕ್ಕೆ ಬಂದ ಪೈಲ್ವಾನ

ಲಕ್ಷ ದಾಟಬೇಕು ಅನ್ನುವುದನ್ನು ಮಾವ ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಕುಸ್ತಿಗೆ ಮೊದಲು ತೂಕ ಹಾಕುವಾಗ ಕಡಿಮೆ ಬಿದ್ದರೆ ಪೈಲ್ವಾನರು ಬಾಳೆಹಣ್ಣು ತಿಂದು, ಹಾಲು ಕುಡಿದು ತೂಕ ತುಂಬಿಸುತ್ತಿದ್ದರಂತೆ. ಮರುಪರೀಕ್ಷೆಯ ದಿನ ಮಾವ ಒಂದು ಡಜನ್ ಬಾಳೆಹಣ್ಣು ಮುಗಿಸಿ, ತಂಬಿಗೆ ಹಾಲು ಕುಡಿದು, ಹೊಟ್ಟೆಯ ಮೇಲೆ ಕೈಯಾಡಿಸುತ್ತ ಬಂದರು. "ಲಗೂನ ತಗೊ ಯವ್ವಾ, ಇಳಿಯೂದರಾಗ" ಅಂದರು.

ತೆಗೆದೆ. ಏನೂ ಏರಿರಲಿಲ್ಲ.

ಮುಂದಿನ ಸಲ ಮಾವ ಕೆಂಪಗಾಗಿ, ಏದುಸಿರು ಬಿಡುತ್ತ ಒಳಗೆ ಬಂದರು. ನಮ್ಮ ಲ್ಯಾಬ್ ಮೇಲಿನ ಮಹಡಿಯಲ್ಲಿದೆ. ಅವರು ಮೆಟ್ಟಿಲನ್ನು ಹತ್ತಿ ಇಳಿದು, ಹತ್ತಿ ಇಳಿದು, ಬೆವರು ಸುರಿಯುವಾಗ ಕುರ್ಚಿಯಲ್ಲಿ ಕೂತು ಕೈ ಚಾಚಿದ್ದರು. ಹರ್ನಿಯಾ ಇಟ್ಟುಕೊಂಡು ಹೀಗೆ ಮಾಡುತ್ತಾರಾ ಎಂದು ಬೈಯುತ್ತಲೇ ರಕ್ತ ತೆಗೆದೆ. ಎಣಿಕೆ ನೋಡಿ ನಾನು ಬೈಯುವುದು ನಿಲ್ಲಿಸಿದೆ. ನಿಜವಾಗಿಯೂ ಏರಿತ್ತು. ಲಕ್ಷ ಮುಟ್ಟಿರಲಿಲ್ಲ, ಆದರೆ ಏರಿತ್ತು.

ಸರ್ಜನ್ನರಿಗೆ ಫೋನು ಮಾಡಿದೆ. ದೇಹ ಒಂದಿಷ್ಟು ಪ್ಲೇಟ್‌ಲೆಟ್‌ಗಳನ್ನು ಗುಲ್ಮ ಎಂಬ ಅಂಗದಲ್ಲಿ ಯಾವಾಗಲೂ ಕಾದಿಟ್ಟಿರುತ್ತದೆ, ಮೈ ದುಡಿದಾಗ ಅವನ್ನು ರಕ್ತಕ್ಕೆ ಬಿಡುತ್ತದೆ, ಕೂತು ದಣಿವಾರಿಸಿಕೊಂಡರೆ ಅವು ವಾಪಸ್ಸು ಹೋಗುತ್ತವೆ ಅಂದರು. ನಾನು ಫೋನು ಇಟ್ಟು ಸುಮ್ಮನೆ ಮಾವನ ಕೈಯನ್ನೇ ನೋಡಿದೆ. ಇಷ್ಟು ಮುದಿ ಮೈಯಲ್ಲೂ ಒಳಗೆ ಯಾರೋ ಆಪತ್ತಿಗೆ ಅಂತ ಕಾಯ್ದಿಟ್ಟು ಕೂತಿದ್ದಾರಲ್ಲ ಎಂದು ಮೈ ಜುಮ್ಮೆಂದಿತು.

ಚಹಾ ಕುಡಿಸಿ, ಕೂರಿಸಿ, ಮತ್ತೆ ರಕ್ತ ತೆಗೆದೆ. ಇಳಿದು ಮೊದಲಿನಷ್ಟೇ ಆಗಿತ್ತು. ಇದು ನಡೆಯುವುದಿಲ್ಲ ಎಂದು ಮಾವನಿಗೆ ಹೇಳಿದೆ. ಮಾವ ಯೋಚನೆ ಮಾಡಿ ಅಂದರು: "ನಡೀತೈತಿ ಯವ್ವಾ. ಡಾಕ್ಟರಿಗಿ ಹೇಳು, ನಾ ಅಡ್ಡಾಡಕೋತ ಇರತೇನಿ, ಅವರು ಬೆನ್ನ ಹತ್ತಿ ಆಪರೇಷನ್ ಮಾಡ್ಲಿ."

ಅಂಗಾತ

ಆಮೇಲೆ ನಗುವಂಥದ್ದೇನೂ ಉಳಿಯಲಿಲ್ಲ. ಕುಡಿಯುವುದು ಬಿಟ್ಟೆ ಅಂತ ಮಾವ ಆಣೆ ಮಾಡುತ್ತಿದ್ದರು, ಪ್ಲೇಟ್‌ಲೆಟ್ ಮಾತ್ರ ಇಳಿಯುತ್ತಲೇ ಇತ್ತು. ಲಿವರ್ ಕೆಟ್ಟಿರಬೇಕು, ಇನ್ನೇನೋ ದೊಡ್ಡದು ಇರಬೇಕು ಎಂದು ನಾನು ಹೆದರಿ ಹೋದೆ. ಅತ್ತಿಯವರಿಗೆ ಏನು ಹೇಳಬೇಕೆಂದೇ ತಿಳಿಯುತ್ತಿರಲಿಲ್ಲ.

ಒಂದು ದಿನ ಅತ್ತಿ ಮಾವನ ಹಳೆಯ ಲಂಗೋಟಗಳ ಗಂಟನ್ನು ಬಿಸಿಲಿಗೆ ಹಾಕಲು ಬಿಚ್ಚಿದರು. ಮನೆಯಲ್ಲಿ ಯಾರೂ ಮುಟ್ಟದ ಗಂಟು ಅದು. ಒಳಗೆ ಬಾಟಲಿ ಇತ್ತು, ಅರ್ಧ ಖಾಲಿ. ಅತ್ತಿ ಅದನ್ನು ಮಾವನ ಮುಂದೆ ಇಟ್ಟರು. ಈ ಸಲ ಕೆಮ್ಮಲಿಲ್ಲ.

"ಬಿಟ್ಟರ ಅದು ಏರತೈತಿ" ಅಂದರು ಮಾವ, ನೆಲ ನೋಡುತ್ತ. "ಏರಿದ್ರ ಆಪರೇಷನ್ ಮಾಡ್ತಾರ."

"ಸೂಜಿ ಅಂದ್ರ ಹೆದರಿಕೇನ್ರಿ ಮಾವಾ?" ಎಂದೆ.

"ಹೆದರಿಕಿ ಯಾಕ? ಮೆಟ್ಟಲ ಹತ್ತೂವಾಗ ನನಗ ಗೊತ್ತ ಇರಲಿಲ್ಲ, ಅಲ್ಲಿ ಅಂಗಾತ ಮಲಗಸ್ತಾರಂತ."

ನನಗೆ ಆಗಲೂ ತಿಳಿಯಲಿಲ್ಲ. ಅತ್ತಿಯವರಿಗೆ ತಿಳಿಯಿತು. ಕುಸ್ತಿಯಲ್ಲಿ ಎರಡೂ ಭುಜ ನೆಲಕ್ಕೆ ತಾಗಿ ಅಂಗಾತ ಬಿದ್ದರೆ ಚಿತ್, ಅಂದರೆ ಸೋಲು. ಮಾವನ ಬೆನ್ನಿಗೆ ಆ ಕಾಲದಲ್ಲಿ ಯಾರೂ ಮಣ್ಣು ಹತ್ತಿಸಿರಲಿಲ್ಲ. ಕುಸ್ತಿ ಬಿಟ್ಟ ಮೇಲೂ ಅವರು ಅಂಗಾತ ಮಲಗಿದವರಲ್ಲ. "ನಮ್ಮ ಲಗ್ನ ಆದಾಗಿಂದ ನೋಡಾಕತ್ತೇನಿ, ಮಗ್ಗಲಾಗೇ ಮಲಗತಾರ" ಅಂದರು ಅತ್ತಿ. ಅಷ್ಟು ಜನರ ಮುಂದೆ, ದೀಪದ ಕೆಳಗೆ, ಕುಸ್ತಿ ಹಿಡಿಯದೆಯೇ ಚಿತ್ ಆಗುವುದಕ್ಕಿಂತ ಪ್ಲೇಟ್‌ಲೆಟ್ಟನ್ನೇ ಕೆಳಗೆ ಇಟ್ಟುಕೊಂಡಿರುವುದು ವಾಸಿ ಎಂದು ಮಾವ ತೀರ್ಮಾನ ಮಾಡಿದ್ದರು. ಸರ್ಜನ್ ಏರಿಸುವ ದಾರಿ ಹೇಳಿದ್ದರು. ಮಾವ ಅದನ್ನೇ ತಿರುಗಿಸಿ ಹಿಡಿದಿದ್ದರು.

"ಟೇಬಲ್ ಮ್ಯಾಲ ಮಣ್ಣ ಇರೂದಿಲ್ಲಲ್ರಿ ಮಾವಾ" ಅಂದೆ, ಬೇರೇನೂ ತೋಚದೆ.

"ಈಗಿನ ಹುಡುಗರು ಮ್ಯಾಟ್ ಮ್ಯಾಲ ಹಿಡೀತಾರ. ಅಲ್ಲೂ ಮಣ್ಣ ಇರೂದಿಲ್ಲ. ಸೋಲು ಸೋಲ" ಅಂದರು ಮಾವ.

ಹೊಸವು

ಅದಾಗಿ ಕೆಲವೇ ದಿನಕ್ಕೆ ಬೆಳಿಗ್ಗೆ ಎದ್ದ ಮಾವ ಹೊಟ್ಟೆ ಹಿಡಿದುಕೊಂಡು ಕುಸಿದರು. ಕರುಳು ಸಿಕ್ಕಿಕೊಂಡಿತ್ತು. ಸರ್ಜನ್ ಬಹಳ ಹೊತ್ತು ನಿಧಾನವಾಗಿ ಒತ್ತಿ ಒತ್ತಿ ಅದನ್ನು ಒಳಗೆ ತಳ್ಳಿದರು. "ಈ ಸಲ ಹ್ವಾತು. ಮುಂದಿನ ಸಲ ಹೋಗದಿದ್ರ ಪ್ಲೇಟ್‌ಲೆಟ್ ಎಷ್ಟ ಇದ್ರೂ ಕೊಯ್ಯಬೇಕಾಕೈತಿ. ಆಗ ರಕ್ತ ನಿಲ್ಲದಿದ್ರ ನಾ ಏನೂ ಮಾಡಾಕ ಆಗೂದಿಲ್ಲ" ಅಂದರು.

ಅತ್ತಿ ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಸೆರಗಿನಿಂದ ಮೂಗು ಒರೆಸಿಕೊಂಡು ಮಾವನಿಗೆ ಹೇಳಿದರು: "ಚಿತ್ ಆಗಿ ಮನಿಗಿ ಬರ್ರಿ. ನೀವು ಗೆದ್ದ ಹ್ವಾದ್ರ ನನಗೇನ ಬಂತು?"

ಮಾವ ಅವತ್ತು ಬಿಟ್ಟರು. ಆಣೆ ಮಾಡಲಿಲ್ಲ, ಸುಮ್ಮನೆ ಬಿಟ್ಟರು. ವಾರ ಕಳೆದ ಮೇಲೆ ರಕ್ತ ತೆಗೆದು ಗಾಜಿನ ಮೇಲೆ ಎಳೆದು ನೋಡಿದರೆ, ಸಣ್ಣ ಚುಕ್ಕೆಗಳ ನಡುವೆ ದಪ್ಪ ದಪ್ಪ ನೇರಳೆ ಚುಕ್ಕೆಗಳು. ಮಜ್ಜೆ ಆಗಷ್ಟೇ ಹೆತ್ತು ಕಳಿಸಿದ ಎಳೆಯ ಪ್ಲೇಟ್‌ಲೆಟ್‌ಗಳು. ನಮ್ಮ ರಬಕವಿಯಲ್ಲಿ ಕರೆಂಟು ಹೋಗಿ ಬಂದಾಗ ಓಣಿಯ ಮಗ್ಗಗಳೆಲ್ಲ ಒಂದೊಂದಾಗಿ ಸದ್ದು ಮಾಡತೊಡಗುತ್ತವಲ್ಲ, ಅದು ನೆನಪಾಯಿತು. ಇಷ್ಟು ವರ್ಷ ಹೆಂಡ ಸುರಿದವರ ಮೇಲೆ ಆ ಮಜ್ಜೆಗೆ ಒಂದಿಷ್ಟೂ ಸಿಟ್ಟಿರಲಿಲ್ಲ. ನಾನಾಗಿದ್ದರೆ ಒಂದು ತಿಂಗಳು ಮಾತು ಬಿಡುತ್ತಿದ್ದೆ.

ಇನ್ನೊಂದೆರಡು ವಾರಕ್ಕೆ ಲಕ್ಷ ದಾಟಿದ ರಿಪೋರ್ಟ್ ಬಂತು, ನಾನೇ ಓದಿ ಹೇಳಿದೆ. ಮಾವ ಕೇಳಿ, ನಿಟ್ಟುಸಿರು ಬಿಟ್ಟು ಅಂದರು: "ಇವೂ ಡಾಕ್ಟರ ಕಡೇನ ಸೇರಕೊಂಡ್ವು."

ಆರು ಮಂದಿ

ಆಪರೇಷನ್ ದಿನ ಅತ್ತಿ ಮತ್ತು ನಾನು ಬಾಗಿಲ ಹೊರಗೆ ಕೂತಿದ್ದೆವು. ಅತ್ತಿ ನನ್ನ ಕೈ ಬಿಡಲೇ ಇಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಆ ಹೊಸ ಚುಕ್ಕೆಗಳು. ಹೋಗಿ ಹಿಡಕೊಳ್ಳಿ, ಬಿಡಬೇಡಿ ಎಂದು ಒಳಗೊಳಗೇ ಅವಕ್ಕೆ ಹೇಳುತ್ತ ಕೂತಿದ್ದೆ. ಸರ್ಜನ್ ಹೊರಗೆ ಬಂದು ಮುಖದ ಬಟ್ಟೆ ಇಳಿಸಿ, "ರಕ್ತ ಛಲೋ ನಿಂತೈತಿ. ಹನಿನೂ ಜಾಸ್ತಿ ಹೋಗಿಲ್ಲ" ಅಂದಾಗ ಅತ್ತಿ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಮರುದಿನ ಸರ್ಜನ್ ವಾರ್ಡಿಗೆ ಬಂದಾಗ ಮಾವ ಮಗ್ಗುಲಾಗಿ ಮಲಗಿ ಗೋಡೆ ನೋಡುತ್ತಿದ್ದರು. "ಹೆಂಗದೀರಿ ಪೈಲ್ವಾನರ?" ಎಂದು ಸರ್ಜನ್ ಕೇಳಿದರು.

ಮಾವ ನಿಧಾನವಾಗಿ ಇತ್ತ ತಿರುಗಿದರು. "ನೀವು ಗೆದ್ರಿ ಅಂತ ತಿಳಕೋಬ್ಯಾಡ್ರಿ ಡಾಕ್ಟರ."

"ಯಾಕ್ರಿ?"

"ಹಿಂದಿಂದ ಬಂದು ಬೆನ್ನಾಗ ಸೂಜಿ ಚುಚ್ಚೀರಿ. ಕಾಲು ಎರಡೂ ಜೋಮ ಹಿಡಿಸೀರಿ. ಆಮ್ಯಾಲ ಆರು ಮಂದಿ ಕೂಡಿ ನನ್ನ ಅಂಗಾತ ಮಾಡೀರಿ. ನಾ ಎಣಿಸೇನಿ. ಇದಕ್ಕ ಯಾವ ಊರಾಗೂ ಕುಸ್ತಿ ಅನ್ನೂದಿಲ್ಲ."

ವಾರ್ಡಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಸರ್ಜನ್ನರೂ ಈ ಕಡೆಯವರೇ, ಗರಡಿ ನೋಡಿ ಬೆಳೆದವರು. ನಗಲಿಲ್ಲ. "ಖರೆ ಐತ್ರಿ, ಇದು ಫೌಲ್" ಅಂದರು. ಆಮೇಲೆ ಹಾಸಿಗೆಯ ಹತ್ತಿರ ಬಂದು, ಕುಸ್ತಿಯ ಪಂಚರು ಗೆದ್ದವನ ಕೈ ಎತ್ತಿ ತೋರಿಸುವ ಹಾಗೆ, ಮಾವನ ಬಲಗೈ ಹಿಡಿದು ಮೇಲೆ ಎತ್ತಿದರು. ಪಕ್ಕದ ಹಾಸಿಗೆಯ ರೋಗಿ ಸಲಾಯಿನ್ ಹಚ್ಚಿದ ಕೈಯಿಂದಲೇ ಚಪ್ಪಾಳೆ ತಟ್ಟಿದ. ಎದುರಿನವರೂ ತಟ್ಟಿದರು, ನರ್ಸೂ ತಟ್ಟಿದಳು. ಎತ್ತಿದ ಕೈ ಇಳಿಸಲು ಮನಸ್ಸಾಗದೆ ಮಾವ ಹಾಗೇ ಹಿಡಿದಿದ್ದರು, ಆ ಅಡಿಕೆಯಂಥ ಕಿವಿಯ ತನಕ ಕಣ್ಣೀರು ಇಳಿಯುತ್ತಿತ್ತು. ನಾನೂ ಅಳುತ್ತಿದ್ದೆ.

ಅತ್ತಿ ಮಾತ್ರ ಅಳಲಿಲ್ಲ. ಮಾವನ ಹೊದಿಕೆ ಸರಿ ಮಾಡುತ್ತ ಹೇಳಿದರು: "ಕೈ ಇಳಸ್ರಿ. ಹೊಲಿಗಿ ಬಿಟ್ಟರ ಮತ್ತ ಚಿತ್ ಮಾಡ್ತಾರ."